ಯಾವ ಮಾತು ಎಲ್ಲಿಗೆ? ಅಂಗವೈಕಲ್ಯದ ಪದಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳವು. ಹೆಚ್ಚಿನ ಪತ್ರಗಳಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ಎದುರಿಗಿರುವವರನ್ನು ಏನೆಂದು ಕರೆಯಬೇಕು ಎಂಬುದು ಒಂದು. ಕಾಗದದಲ್ಲಿ ಏನೆಂದು ಬರೆದರೆ ಫೈಲು ಮುಂದೆ ಹೋಗುತ್ತದೆ ಎಂಬುದು ಇನ್ನೊಂದು. ಉತ್ತರಗಳಲ್ಲಿ ಇವೆರಡನ್ನೂ ಬಿಡಿಸಿ ಇಟ್ಟಿದ್ದೇವೆ.

ಪಂಚಾಯಿತಿ ನೋಟಿಸ್ ಬೋರ್ಡಿಗೆ ಹಾಕುವ ಪ್ರಕಟಣೆಯಲ್ಲಿ ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಇವುಗಳಲ್ಲಿ ಯಾವುದನ್ನು ಬರೆಯಬೇಕು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
— ಗ್ರಾಮ ಪಂಚಾಯಿತಿ ಸಿಬ್ಬಂದಿ, ನ್ಯಾಮತಿ ತಾಲ್ಲೂಕು

ಸರ್ಕಾರಿ ಪ್ರಕಟಣೆಯಾದ್ದರಿಂದ ಇಲಾಖೆ ಬಳಸುವ ಪದವನ್ನೇ ಬಳಸಿ. ನಮ್ಮ ರಾಜ್ಯದ ಇಲಾಖೆಯ ಹೆಸರೇ ‘ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ’. ಅರ್ಜಿ ನಮೂನೆ, ಆದೇಶ, ಅನುದಾನದ ಲೆಕ್ಕಶೀರ್ಷಿಕೆ ಎಲ್ಲದರಲ್ಲೂ ‘ವಿಕಲಚೇತನ’ ಎಂದಿರುವಾಗ ನೋಟಿಸಿನಲ್ಲಿ ಮಾತ್ರ ಬೇರೆ ಪದ ಹಾಕಿದರೆ, ಇದು ಬೇರೆ ಯಾವುದೋ ಯೋಜನೆ ಎಂದುಕೊಂಡು ಜನ ಹಿಂದೆ ಸರಿಯುತ್ತಾರೆ. ‘ಅಂಗವಿಕಲ’ ತಪ್ಪಲ್ಲ. ಹಳೆಯ ಆದೇಶಗಳಲ್ಲಿ ಅದೇ ಇತ್ತು, ಜನರ ಬಾಯಲ್ಲಿ ಇಂದಿಗೂ ಅದೇ ಇದೆ.

‘ದಿವ್ಯಾಂಗ’ ಎಂಬುದು 2015ರ ಡಿಸೆಂಬರ್‌ನಲ್ಲಿ ಪ್ರಧಾನಿಯವರ ರೇಡಿಯೋ ಭಾಷಣದಲ್ಲಿ ಬಂದ ಸಲಹೆ. ಆಮೇಲೆ ಕೇಂದ್ರ ಇಲಾಖೆಯ ಹಿಂದಿ ಹೆಸರಿಗೆ ಸೇರಿತು. ಅಂಗವಿಕಲರ ಸಂಘಟನೆಗಳು ಆಗಲೇ ಆಕ್ಷೇಪಿಸಿದ್ದವು. ನಡೆಯದ ಕಾಲನ್ನು ದಿವ್ಯ ಎಂದು ಕರೆದರೆ ಬಸ್ಸಿನ ಮೆಟ್ಟಿಲು ತಗ್ಗುವುದಿಲ್ಲವಲ್ಲ! ‘ವಿಕಲಚೇತನ’ಕ್ಕೂ ಆಕ್ಷೇಪವಿದೆ. ಚೇತನ ಎಂದರೆ ಪ್ರಜ್ಞೆ, ಜೀವಶಕ್ತಿ. ಪೋಲಿಯೋದಿಂದ ಒಂದು ಕಾಲು ಸಣಕಲಾದವರ ಚೇತನಕ್ಕೆ ಏನಾಗಿದೆ ಎಂದು ಅವರೇ ಕೇಳುತ್ತಾರೆ, ಆ ಪ್ರಶ್ನೆಗೆ ಸರಿಯಾದ ಉತ್ತರ ಯಾರಲ್ಲೂ ಇಲ್ಲ. ‘ವಿಶೇಷಚೇತನ’ ಹೊಗಳಿಕೆಯ ದಾರಿ ಹಿಡಿದ ಪದ. ಯಾರು ವಿಶೇಷ, ಯಾಕೆ ವಿಶೇಷ ಎಂಬುದನ್ನು ಅದು ಹೇಳುವುದಿಲ್ಲ, ಕಾಯ್ದೆಯಲ್ಲಿ ಅದಕ್ಕೆ ಅರ್ಥವೂ ಇಲ್ಲ.

ಪದಕ್ಕಿಂತ ನಿಮ್ಮ ನೋಟಿಸಿನಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದು ಅಂಕಿ. ‘ಪಂಚಾಯಿತಿ ವ್ಯಾಪ್ತಿಯ ವಿಕಲಚೇತನರು ಅರ್ಜಿ ಸಲ್ಲಿಸುವುದು’ ಎಂದಷ್ಟೇ ಬರೆದರೆ ಶೇ 25 ಅಂಗವೈಕಲ್ಯ ಇರುವವರೂ ಬಂದು ಕಾದು ವಾಪಸಾಗುತ್ತಾರೆ. ಹೀಗೆ ಬರೆಯಿರಿ: ‘ಶೇ 40 ಮತ್ತು ಅದಕ್ಕಿಂತ ಹೆಚ್ಚು ಪ್ರಮಾಣದ ಅಂಗವೈಕಲ್ಯದ ಯುಡಿಐಡಿ ಕಾರ್ಡ್ ಹೊಂದಿರುವ ವಿಕಲಚೇತನರು, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ ಪ್ರತಿಯೊಂದಿಗೆ…’ (ಯುಡಿಐಡಿ ಎಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ.) ಕೆಳಗೆ ನಿಮ್ಮ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಪಂಚಾಯಿತಿಯಲ್ಲಿ ಸಿಗುವ ದಿನ, ಹೊತ್ತು ಹಾಕಿ. ಇನ್ನೊಂದು ಮಾತು: ಬೋರ್ಡಿಗೆ ಅಂಟಿಸಿದ ಚೀಟಿ ಕಣ್ಣು ಕಾಣದವರಿಗೆ ಮುಟ್ಟುವುದಿಲ್ಲ. ಕಸದ ಗಾಡಿಯ ಮೈಕಿನಲ್ಲಿ ಅದನ್ನೇ ಒಮ್ಮೆ ಓದಿಸಿದರೆ ಮುಟ್ಟುತ್ತದೆ.

ನನ್ನ ತಮ್ಮನಿಗೆ ಅಪಘಾತದಲ್ಲಿ ಒಂದು ಕಣ್ಣು ಪೂರ್ತಿ ಹೋಗಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಶೇ 30 ಎಂದು ಬರೆದಿದ್ದಾರೆ. ಎರಡರಲ್ಲಿ ಒಂದು ಹೋದರೆ 50 ಆಗಬೇಕಲ್ಲವೇ? ಅವನು ಅಂಗವಿಕಲ ಹೌದೋ ಅಲ್ಲವೋ?
— ಚಳ್ಳಕೆರೆ

ಕಾಯ್ದೆಯ ಪ್ರಕಾರ ಹೌದು, ಸವಲತ್ತಿನ ಪ್ರಕಾರ ಅಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಎರಡು ಬೇರೆ ಪದಗಳಿವೆ. ದೀರ್ಘಕಾಲದ ದೈಹಿಕ, ಮಾನಸಿಕ, ಬೌದ್ಧಿಕ ಅಥವಾ ಇಂದ್ರಿಯದ ಊನವಿದ್ದು, ಸುತ್ತಲಿನ ಅಡೆತಡೆಗಳಿಂದಾಗಿ ಇತರರ ಸರಿಸಮ ಬಾಳಲು ತೊಡಕಾಗುವವರೆಲ್ಲ ‘ಅಂಗವಿಕಲ ವ್ಯಕ್ತಿ’ಗಳೇ. ಅವರಲ್ಲಿ ಕಾಯ್ದೆ ಪಟ್ಟಿ ಮಾಡಿರುವ 21 ಬಗೆಗಳಲ್ಲಿ ಒಂದಾದರೂ ಶೇ 40ಕ್ಕೆ ಕಡಿಮೆ ಇಲ್ಲದಂತೆ ಇದೆ ಎಂದು ಪ್ರಮಾಣಪತ್ರ ಪಡೆದವರು ‘ಮಾನದಂಡ ಅಂಗವೈಕಲ್ಯ’ ಉಳ್ಳವರು, ಕಚೇರಿಯ ಮಾತಿನಲ್ಲಿ ಬೆಂಚ್‌ಮಾರ್ಕ್. ಸರ್ಕಾರಿ ಹುದ್ದೆಯ ಶೇ 4 ಮೀಸಲಾತಿ, ಉನ್ನತ ಶಿಕ್ಷಣದ ಶೇ 5, ಇವೆಲ್ಲ ಎರಡನೆಯವರಿಗೆ. ತಾರತಮ್ಯ ಮಾಡಬಾರದು ಎಂಬ ಹಕ್ಕು ಇಬ್ಬರಿಗೂ ಇದೆ. ಒಂದು ಕಣ್ಣಿಲ್ಲ ಎಂಬ ಕಾರಣಕ್ಕೆ ತಮ್ಮನಿಗೆ ಯಾರಾದರೂ ಸೀಟು ನಿರಾಕರಿಸಿದರೆ ಶೇ 30ರ ಕಾಗದವೂ ಸಾಕ್ಷಿಯಾಗುತ್ತದೆ. ಹರಿದು ಬಿಸಾಡಬೇಡಿ.

30 ಯಾಕೆ ಎಂದರೆ, ಅಳತೆ ಕಣ್ಣುಗಳ ಲೆಕ್ಕ ಹಿಡಿಯುವುದಿಲ್ಲ, ನೋಟದ ಲೆಕ್ಕ ಹಿಡಿಯುತ್ತದೆ. ಚೆನ್ನಾಗಿರುವ ಕಣ್ಣು ಕನ್ನಡಕ ಹಾಕಿದ ಮೇಲೆ 6/6ರಿಂದ 6/18ರೊಳಗೆ (6/18 ಎಂದರೆ ಬೇರೆಯವರಿಗೆ 18 ಮೀಟರ್ ದೂರದಿಂದ ಕಾಣುವುದು ಇವರಿಗೆ 6 ಮೀಟರಿಗೆ ಬಂದರೆ ಕಾಣುವುದು) ಇದ್ದರೆ, ಇನ್ನೊಂದು ಕಣ್ಣಿಗೆ ಬೆಳಕೂ ಕಾಣದಿದ್ದರೂ ಶೇ 30ರ ಮೇಲೆ ಹೋಗುವುದಿಲ್ಲ. ಚೆನ್ನಾಗಿರುವ ಕಣ್ಣೂ 6/18ಕ್ಕಿಂತ ಕೆಳಗೆ ಇಳಿದರೆ ಮಾತ್ರ ಅಂಕಿ ಏರುತ್ತದೆ. ಪರೀಕ್ಷೆಗೆ ಹೋಗುವಾಗ ಕನ್ನಡಕ ಮನೆಯಲ್ಲಿಟ್ಟು ಹೋಗುವ ಉಪಾಯ ನಡೆಯುವುದಿಲ್ಲ, ಅಳೆಯುವುದೇ ಕನ್ನಡಕ ಕೊಟ್ಟ ಮೇಲೆ.

ತಮ್ಮನಿಗೆ ಅದೇ ಅಪಘಾತದಲ್ಲಿ ಕೈಗೋ ಕಾಲಿಗೋ ಪೆಟ್ಟಾಗಿದ್ದರೆ ಅದನ್ನೂ ಮೂಳೆ ವೈದ್ಯರಿಂದ ಅಳೆಸಿ. ಎರಡು ಅಂಕಿಗಳನ್ನು ನೇರವಾಗಿ ಕೂಡುವುದಿಲ್ಲ. ಅದಕ್ಕೊಂದು ಸೂತ್ರವಿದೆ: 90ರಿಂದ ದೊಡ್ಡ ಅಂಕಿಯನ್ನು ಕಳೆಯಿರಿ, ಉಳಿದದ್ದನ್ನು ಚಿಕ್ಕ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡ ಅಂಕಿಗೆ ಕೂಡಿಸಿ. ಕಣ್ಣಿನದು 30, ಕಾಲಿನದು 20 ಎಂದಿಟ್ಟುಕೊಳ್ಳಿ. 60ನ್ನು 20ರಿಂದ ಗುಣಿಸಿ 90ರಿಂದ ಭಾಗಿಸಿದರೆ 13, ಒಟ್ಟು 43. ಗೆರೆ ದಾಟಿತು. ಇಂಥ ಪ್ರಕರಣಗಳಲ್ಲಿ ಅರ್ಜಿ ಹಾಕುವಾಗಲೇ ‘ಬಹುವಿಧ’ ಎಂದು ಎರಡೂ ಬಗೆಯನ್ನು ಗುರುತಿಸದೆ ಕಣ್ಣೊಂದನ್ನೇ ಗುರುತಿಸಿ ಕಳೆದುಕೊಳ್ಳುವವರು ಬಹಳ ಮಂದಿ.

ನಿರ್ಧಾರ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಆದರೆ ಕಾರಣ ಬೇಕು: ಯಾವ ಪರೀಕ್ಷೆ ಮಾಡಲಿಲ್ಲ, ಯಾವುದರ ವರದಿ ನೋಡಲಿಲ್ಲ ಎಂದು ಬರೆಯಬೇಕು. ‘ನಮ್ಮ ಊರಿನ ಇನ್ನೊಬ್ಬರಿಗೆ 50 ಕೊಟ್ಟಿದ್ದಾರೆ’ ಎಂಬುದು ಕಾರಣವಾಗುವುದಿಲ್ಲ. ಹಣ ಕೊಟ್ಟು 40 ಬರೆಸಿಕೊಡುತ್ತೇನೆ ಎನ್ನುವವರ ಮಾತಿಗೆ ಹೋಗಬೇಡಿ. ಸುಳ್ಳು ಹೇಳಿ ಸವಲತ್ತು ಪಡೆದವರಿಗೆ ಇದೇ ಕಾಯ್ದೆಯಲ್ಲಿ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಇವೆ.

ಅಂದಹಾಗೆ 2024ರ ತಿದ್ದುಪಡಿ ನಿಯಮಗಳ ಪ್ರಕಾರ ಯುಡಿಐಡಿ ಕಾರ್ಡಿಗೆ ಮೂರು ಬಣ್ಣ. ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ನಿಮ್ಮ ತಮ್ಮನಿಗೆ ಬಿಳಿ ಕಾರ್ಡು ಸಿಗುತ್ತದೆ.

ಹಾಗಾದರೆ ‘ಅಂಧ’ ಎಂದರೆ ಏನೂ ಕಾಣದವರು ಎಂದಲ್ಲವೇ? ನಮ್ಮ ಕಾಲೇಜಿನಲ್ಲಿ ಬಿಳಿ ಕೋಲು ಹಿಡಿದ ಹುಡುಗನೊಬ್ಬ ಮೊಬೈಲ್ ನೋಡುತ್ತಿರುತ್ತಾನೆ.
— ವಿದ್ಯಾರ್ಥಿನಿ, ದಾವಣಗೆರೆ

ಕಾಯ್ದೆಯ ‘ಅಂಧತ್ವ’ದಲ್ಲಿ ಮೂರು ಬಗೆಯವರು ಬರುತ್ತಾರೆ. ನೋಟ ಪೂರ್ತಿ ಇಲ್ಲದವರು ಮೊದಲನೆಯವರು. ಎರಡನೆಯವರಿಗೆ ಚೆನ್ನಾಗಿರುವ ಕಣ್ಣಿನಲ್ಲೂ ನೋಟ 3/60ಕ್ಕಿಂತ ಕಡಿಮೆ, ಎಂದರೆ ಬೇರೆಯವರಿಗೆ 60 ಮೀಟರ್ ದೂರದಿಂದ ಕಾಣುವುದು ಇವರಿಗೆ 3 ಮೀಟರಿಗೆ ಬಂದರೂ ಕಾಣದು. ಮೂರನೆಯವರಿಗೆ ನೋಟದ ಹರಹು 10 ಡಿಗ್ರಿಗಿಂತ ಕಡಿಮೆ. ಈ ಮೂರನೆಯವರು ಕೊಳವೆಯೊಳಗಿಂದ ನೋಡಿದ ಹಾಗೆ ನೋಡುತ್ತಾರೆ. ನೇರ ಎದುರಿನ ಸಣ್ಣ ಅಕ್ಷರ ಓದಬಲ್ಲರು, ಪಕ್ಕದ ಚರಂಡಿ ಕಾಣದು. ಮೊಬೈಲೂ ಕೋಲೂ ಒಟ್ಟಿಗೆ ಇರುವುದರಲ್ಲಿ ಮೋಸವೇನೂ ಇಲ್ಲ. ಅಲ್ಲದೆ ಮೊಬೈಲಿನ ಪರದೆಯನ್ನು ಧ್ವನಿಯಾಗಿ ಓದುವ ತಂತ್ರಾಂಶ ಬಹುತೇಕ ಸ್ಮಾರ್ಟ್‌ಫೋನುಗಳಲ್ಲಿ ಇದೆ, ಅದಕ್ಕೆ ಕಣ್ಣೇ ಬೇಡ.

ಇದಕ್ಕಿಂತ ಕಡಿಮೆ ತೊಂದರೆ ಇರುವವರು ‘ಮಂದದೃಷ್ಟಿ’ಯವರು. ಸರ್ಕಾರಿ ಹುದ್ದೆಯಲ್ಲಿ ಇಬ್ಬರಿಗೂ ಸೇರಿ ಶೇ 1.

ಮಗಳಿಗೆ ಮೂರೂವರೆ ವರ್ಷ. ಕಿವಿ ಕೇಳುವುದಿಲ್ಲ ಎಂದು ಗೊತ್ತಾಗಿದೆ. ಓಣಿಯವರು ‘ಮೂಗಿ’ ಅನ್ನುತ್ತಾರೆ. ಅಂಗನವಾಡಿ ಪಟ್ಟಿಯಲ್ಲೂ ‘ಕಿವುಡು-ಮೂಗು’ ಎಂದು ಬರೆದಿದ್ದಾರೆ. ಇದು ಸರಿಯೇ?
— ತಾಯಿ, ಹರಿಹರ

ಸರಿಯಲ್ಲ, ಆ ಪಟ್ಟಿ ತಿದ್ದಿಸಿ. ಕೇಳದ ಮಕ್ಕಳಲ್ಲಿ ಬಹುತೇಕರಿಗೆ ಗಂಟಲು, ನಾಲಿಗೆ, ಧ್ವನಿಪೆಟ್ಟಿಗೆ ಎಲ್ಲ ಸರಿಯಾಗೇ ಇರುತ್ತವೆ. ಅಳುತ್ತಾರೆ, ನಗುತ್ತಾರೆ, ಕೂಗುತ್ತಾರೆ. ಮಾತು ಕಿವಿಯಿಂದ ಒಳಗೆ ಹೋಗಿ ಬಾಯಿಂದ ಹೊರಗೆ ಬರುವಂಥದ್ದು. ಒಳಗೆ ಹೋಗದಿದ್ದರೆ ಹೊರಗೆ ಬರುವುದು ತಡ. ‘ಮೂಗಿ’ ಎಂದು ಬರೆದುಬಿಟ್ಟರೆ ಮಾತು ಬರುವುದೇ ಇಲ್ಲ ಎಂದು ತೀರ್ಮಾನಿಸಿದ ಹಾಗೆ. ಮುಂದೆ ಯಾರೂ ಮಾತಿನ ತರಬೇತಿಗೆ ಕಳಿಸುವುದಿಲ್ಲ, ಅದೇ ಈ ಪದದ ದೊಡ್ಡ ನಷ್ಟ. ‘ಶ್ರವಣದೋಷ’ ಎಂದು ಬರೆಸಿ. ಮಾತಿಗಾಗಿ ಇರುವ ‘ವಾಕ್ ಮತ್ತು ಭಾಷಾ ಅಂಗವೈಕಲ್ಯ’ ಕಾಯ್ದೆಯ ಪಟ್ಟಿಯಲ್ಲಿ ಪ್ರತ್ಯೇಕ ಬಗೆ.

ಕಾಯ್ದೆಯಲ್ಲಿ ಎರಡು ಕಿವಿಯಲ್ಲೂ 70 ಡೆಸಿಬಲ್ ಶ್ರವಣನಷ್ಟ ಇದ್ದರೆ ‘ಕಿವುಡು’, 60ರಿಂದ 70ರೊಳಗೆ ‘ಮಂದಶ್ರವಣ’. ಎದುರು ಕೂತು ಸಾಮಾನ್ಯವಾಗಿ ಮಾತಾಡುವ ದನಿ ಸುಮಾರು 60 ಡೆಸಿಬಲ್. ಆದ್ದರಿಂದ ಪಾತ್ರೆ ಬಿದ್ದ ಸದ್ದಿಗೆ ತಿರುಗುವ ಮಗುವಿಗೂ ಮಾತು ಕೇಳಿಸದೆ ಇರಬಹುದು. ಅಜ್ಜಿಯಂದಿರು ಮನೆಯಲ್ಲಿ ಮಾಡುವ ಚಪ್ಪಾಳೆ ಪರೀಕ್ಷೆ ಮೋಸ ಹೋಗುವುದು ಇಲ್ಲೇ.

ಪ್ರಮಾಣ ಲೆಕ್ಕ ಹಾಕುವಾಗ ಚೆನ್ನಾಗಿ ಕೇಳುವ ಕಿವಿಗೆ ಐದು ಪಟ್ಟು ತೂಕ. ಅದರ ಶೇಕಡಾವನ್ನು 5ರಿಂದ ಗುಣಿಸಿ, ಇನ್ನೊಂದು ಕಿವಿಯದನ್ನು ಕೂಡಿ, 6ರಿಂದ ಭಾಗಿಸುತ್ತಾರೆ. ಒಂದು ಕಿವಿ 40, ಇನ್ನೊಂದು 80 ಆದರೆ ಉತ್ತರ ಸುಮಾರು 47. ಒಂದು ಕಿವಿ ಪೂರ್ತಿ ಹೋಗಿ ಇನ್ನೊಂದು ಸರಿ ಇದ್ದರೆ 17ರ ಆಸುಪಾಸು ಮಾತ್ರ.

ಈಗ ತುರ್ತಾಗಿ ಮಾಡಬೇಕಾದ್ದು. ಇಷ್ಟು ಸಣ್ಣ ಮಕ್ಕಳಿಗೆ ‘ಬೆರಾ’ ಪರೀಕ್ಷೆ ಮಾಡುತ್ತಾರೆ. ತಲೆಗೆ ತಂತಿ ಅಂಟಿಸಿ, ಕಿವಿಯಲ್ಲಿ ಸದ್ದು ಕೊಟ್ಟು, ಮಿದುಳಿಗೆ ಸಂಕೇತ ಮುಟ್ಟುತ್ತದೆಯೇ ಎಂದು ನೋಡುವುದು. ನೋವಿಲ್ಲ. ಮಗು ನಿದ್ದೆಯಲ್ಲಿರಬೇಕು, ಹಾಗಾಗಿ ಆ ದಿನ ಬೆಳಿಗ್ಗೆ ಬೇಗ ಎಬ್ಬಿಸಿ, ದಾರಿಯಲ್ಲಿ ಮಲಗಲು ಬಿಡದೆ ಕರೆದುಕೊಂಡು ಹೋಗಿ. ನೆಗಡಿ, ಕಿವಿ ಸೋರುವಿಕೆ ಇದ್ದರೆ ಅದು ವಾಸಿಯಾದ ಮೇಲೆ ಹೋಗಿ, ಇಲ್ಲದಿದ್ದರೆ ಅಂಕಿ ಕೆಟ್ಟದಾಗಿ ಬರುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಅನುಕೂಲ ಆಗದಿದ್ದರೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಬರೆಸಿಕೊಳ್ಳಿ. ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಕ್ರಿಯೆ ಮಾಡಿ ಕಿವಿಯೊಳಗೆ ಕೂರಿಸುವ ಸಾಧನ) ಬಗ್ಗೆ ವೈದ್ಯರು ಹೇಳಿದರೆ ತಡ ಮಾಡಬೇಡಿ, ಹುಟ್ಟಿನಿಂದ ಕೇಳದ ಮಕ್ಕಳಿಗೆ ಅದು 5 ವರ್ಷದೊಳಗೆ ಆಗಬೇಕು. ಶ್ರವಣಯಂತ್ರ ಹಾಕಿದ ಮೇಲೆ ಸಿಳ್ಳೆ ಹೊಡೆದ ಹಾಗೆ ಕೇಳುತ್ತಿದ್ದರೆ ಯಂತ್ರ ಕೆಟ್ಟಿದೆ ಎಂದು ಎತ್ತಿಡಬೇಡಿ. ಮಗು ಬೆಳೆದಂತೆ ಕಿವಿಯ ಅಚ್ಚು ಸಡಿಲವಾಗುತ್ತದೆ, ಹೊಸ ಅಚ್ಚು ಮಾಡಿಸಬೇಕು, ಅಷ್ಟೆ.

ಸಂಜ್ಞೆ ಕಲಿಸಿದರೆ ಮಾತು ಬರುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಅದಕ್ಕೆ ಆಧಾರವಿಲ್ಲ. ಮಗುವಿಗೆ ಯಾವುದಾದರೂ ಒಂದು ಭಾಷೆ ಬೇಗ ಸಿಗುವುದು ಮುಖ್ಯ. ಮನೆಯ ‘ಕೈಸನ್ನೆ’ ಬೇರೆ, ‘ಭಾರತೀಯ ಸಂಜ್ಞಾ ಭಾಷೆ’ ಬೇರೆ. ಎರಡನೆಯದಕ್ಕೆ ತನ್ನದೇ ವ್ಯಾಕರಣವಿದೆ. ಅಲ್ಲಿ ‘ಏನು’, ‘ಎಲ್ಲಿ’ ಮುಂತಾದ ಪ್ರಶ್ನೆಪದ ವಾಕ್ಯದ ಕೊನೆಗೆ ಬರುತ್ತದೆ, ಹುಬ್ಬು ಮತ್ತು ಮುಖಭಾವವೂ ಅರ್ಥದ ಭಾಗ. ದೆಹಲಿಯಲ್ಲಿ 2015ರಲ್ಲಿ ಶುರುವಾದ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 10,000 ಪದಗಳ ವಿಡಿಯೋ ನಿಘಂಟನ್ನು ಉಚಿತವಾಗಿ ಇಟ್ಟಿದೆ, ಮನೆಯವರೆಲ್ಲ ಕೂತು ಕಲಿಯಬಹುದು.

ನಮ್ಮ ಶಾಲೆಯಲ್ಲಿ ಐದನೇ ತರಗತಿಯ ಹುಡುಗನಿಗೆ ಓದಲು ಬರುವುದಿಲ್ಲ, ಲೆಕ್ಕ ಬಾಯಲ್ಲೇ ಮಾಡುತ್ತಾನೆ. ಹಿಂದಿನವರು ರಿಜಿಸ್ಟರಿನಲ್ಲಿ ‘ಬುದ್ಧಿಮಾಂದ್ಯ’ ಎಂದು ನಮೂದಿಸಿದ್ದಾರೆ. ಪಾಲಕರು ‘ಮಾನಸಿಕ’ ಎಂದರೆ ಸಿಟ್ಟಾಗುತ್ತಾರೆ. ಯಾವ ಪದ?
— ಶಿಕ್ಷಕ, ಹೊಸದುರ್ಗ ತಾಲ್ಲೂಕು

ಮೂರು ಬೇರೆ ಸ್ಥಿತಿಗಳು ಒಂದೇ ಗೂಡಿಗೆ ಬಿದ್ದಿವೆ. ತಿಳಿವಳಿಕೆ-ತರ್ಕ, ದಿನನಿತ್ಯದ ವ್ಯವಹಾರ ಎರಡರಲ್ಲೂ ವಯಸ್ಸಿಗೆ ತಕ್ಕ ಬೆಳವಣಿಗೆ ಇಲ್ಲದಿರುವುದು ‘ಬೌದ್ಧಿಕ ಅಂಗವೈಕಲ್ಯ’, ಇದನ್ನೇ ಹಿಂದೆ ಬುದ್ಧಿಮಾಂದ್ಯ ಎನ್ನುತ್ತಿದ್ದರು. ಸ್ನಾನ, ಊಟ, ಅಂಗಡಿಗೆ ಹೋಗಿ ಚಿಲ್ಲರೆ ತರುವುದು ಇತ್ಯಾದಿಗಳೂ ಅದರ ಅಳತೆಯಲ್ಲಿ ಬರುತ್ತವೆ. ಯೋಚನೆ, ಮನಸ್ಥಿತಿ, ಗ್ರಹಿಕೆ, ನೆನಪು ತೀವ್ರವಾಗಿ ಏರುಪೇರಾಗಿ ಬದುಕಿಗೆ ತೊಡಕಾಗುವುದು ‘ಮಾನಸಿಕ ಅಸ್ವಸ್ಥತೆ’. ಇದು ಯಾವ ವಯಸ್ಸಿನಲ್ಲೂ ಬರಬಹುದು, ಔಷಧಿಯಿಂದ ಹತೋಟಿಗೂ ಬರುತ್ತದೆ. ಕಾಯ್ದೆಯೇ ಇದರಿಂದ ಬೌದ್ಧಿಕ ಅಂಗವೈಕಲ್ಯವನ್ನು ಹೊರಗಿಟ್ಟಿದೆ. ಪಾಲಕರ ಸಿಟ್ಟಿಗೆ ಅರ್ಥವಿದೆ. ಮೂರನೆಯದು ‘ನಿರ್ದಿಷ್ಟ ಕಲಿಕಾ ನ್ಯೂನತೆ’: ಬುದ್ಧಿ ಸರಿ, ಕಣ್ಣು-ಕಿವಿ ಸರಿ, ಪಾಠವೂ ಸಿಕ್ಕಿದೆ, ಆದರೂ ಓದು, ಬರಹ, ಕಾಗುಣಿತ ಅಥವಾ ಲೆಕ್ಕದಲ್ಲಿ ಮಾತ್ರ ತೊಡಕು. ಡಿಸ್ಲೆಕ್ಸಿಯಾ ಇದರ ಒಂದು ಬಗೆ.

ಬಾಯಲ್ಲಿ ಲೆಕ್ಕ ಮಾಡುವ ಹುಡುಗ ಮೂರನೆಯ ಗುಂಪಿನವನಿರಬಹುದು, ಆದರೆ ನಿರ್ಧರಿಸುವುದು ನೀವಲ್ಲ. ರಿಜಿಸ್ಟರಿನಲ್ಲಿ ರೋಗದ ಹೆಸರು ಬರೆಯಬೇಡಿ. ಕಂಡದ್ದನ್ನು ಬರೆಯಿರಿ: ‘ಒತ್ತಕ್ಷರ ಬಿಡುತ್ತಾನೆ, ಥ-ಧ, ಪ-ಷ-ಫ ಗುರುತಿಸುವುದು ತಡ, ಸಾಲು ತಪ್ಪುತ್ತಾನೆ, ಕೇಳಿಸಿದ ಕತೆಯನ್ನು ಪೂರ್ತಿ ಹೇಳುತ್ತಾನೆ.’ ಇಂಥ ಟಿಪ್ಪಣಿ, ಮೂರು ತಿಂಗಳ ನೋಟ್‌ಬುಕ್ಕು ಇಟ್ಟುಕೊಂಡು ಹೋದರೆ ಮನಶ್ಶಾಸ್ತ್ರಜ್ಞರಿಗೆ ಅರ್ಧ ಕೆಲಸ ಮುಗಿದ ಹಾಗೆ. ಒಂದು ಎಚ್ಚರ. ನಮ್ಮ ಕಡೆ ‘ಶಾಲೆ’ಗೆ ‘ಸಾಲೆ’, ‘ಭೂಮಿ’ಗೆ ‘ಬೂಮಿ’ ಎನ್ನುವುದು ಮನೆಮಾತು. ಹುಡುಗ ಹಾಗೇ ಬರೆದರೆ ಅದು ನ್ಯೂನತೆಯ ಲಕ್ಷಣವಲ್ಲ, ಅವನು ಕೇಳಿದ್ದನ್ನೇ ಬರೆದಿದ್ದಾನೆ.

ಮೊದಲು ಕಣ್ಣು, ಕಿವಿ ಪರೀಕ್ಷೆ, ಆಮೇಲೆ ಬುದ್ಧಿಯ ಪರೀಕ್ಷೆ, ಕೊನೆಗೆ ಕಲಿಕೆಯದು. ಈ ಕ್ರಮ ತಪ್ಪಿದರೆ ಕನ್ನಡಕದಿಂದ ಮುಗಿಯುವ ತೊಂದರೆಗೂ ದೊಡ್ಡ ಹೆಸರು ಅಂಟುತ್ತದೆ. ಕಲಿಕಾ ನ್ಯೂನತೆಯ ಪ್ರಮಾಣಪತ್ರ 8 ವರ್ಷ ತುಂಬಿದ ಮೇಲೆಯೇ ಕೊಡುವುದು, ನಿಮ್ಮ ಹುಡುಗನಿಗೆ ವಯಸ್ಸಾಗಿದೆ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರ ಅಂಗವಿಕಲರಿಗಾಗಿ ನಡೆಸುವ ಸಂಯುಕ್ತ ಪ್ರಾದೇಶಿಕ ಕೇಂದ್ರವಿದೆ, ಬಾಯಿಮಾತಿನಲ್ಲಿ ಸಿಆರ್‌ಸಿ. ಮೊದಲು ಅಲ್ಲಿ ವಿಚಾರಿಸಿ. ಹತ್ತನೇ ತರಗತಿಯ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಲಿಪಿಕಾರರು (ಹೇಳಿದ್ದನ್ನು ಬರೆದುಕೊಡುವವರು) ಬೇಕಾದಾಗ ಪ್ರಮಾಣಪತ್ರವನ್ನೇ ಕೇಳುತ್ತಾರೆ.

ಅಪ್ಪನಿಗೆ ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದಿದೆ. ಯುಡಿಐಡಿ ಪೋರ್ಟಲ್‌ನಲ್ಲಿ ‘ಮೆದುಳಿನ ಪಾರ್ಶ್ವವಾಯು’ ಎಂದು ಕಂಡಿತು, ಅದನ್ನೇ ಆರಿಸಿದೆ. ತಿರಸ್ಕಾರವಾಗಿದೆ.
— ಮೊಳಕಾಲ್ಮುರು

ಹೆಸರು ಮೋಸ ಮಾಡಿದೆ. ಅಲ್ಲಿರುವುದು ಸೆರೆಬ್ರಲ್ ಪಾಲ್ಸಿ. ಹುಟ್ಟುವ ಮುಂಚೆ, ಹುಟ್ಟುವಾಗ ಅಥವಾ ಹುಟ್ಟಿದ ಸ್ವಲ್ಪ ದಿನದೊಳಗೆ ಮಿದುಳಿಗೆ ಆದ ಹಾನಿಯಿಂದ ಚಲನೆಗೆ ತೊಡಕಾಗುವ ಸ್ಥಿತಿ ಅದು. ದೊಡ್ಡವರಿಗೆ ಹೊಡೆಯುವ ಲಕ್ವ ಆ ಗುಂಪಿಗೆ ಸೇರುವುದಿಲ್ಲ. ‘ಚಲನವಲನದ ಅಂಗವೈಕಲ್ಯ’ ಎಂಬುದನ್ನು ಆರಿಸಬೇಕಿತ್ತು. ಮಾತೂ ಹೋಗಿದ್ದರೆ ಜೊತೆಗೆ ವಾಕ್ ಮತ್ತು ಭಾಷೆಯದನ್ನೂ ಆರಿಸಿ.

ಈಗಲೇ ಮತ್ತೆ ಹಾಕಬೇಡಿ. ಲಕ್ವದಂಥ ನರಸಂಬಂಧಿ ತೊಂದರೆಯನ್ನು 6 ತಿಂಗಳು ಕಳೆದ ಮೇಲೆ ಅಳೆಯುತ್ತಾರೆ, ಏಕೆಂದರೆ ಮೊದಲ ತಿಂಗಳುಗಳಲ್ಲಿ ಶಕ್ತಿ ಮರಳುವುದು ಹೆಚ್ಚು. ಆ ತಿಂಗಳುಗಳನ್ನು ಫಿಸಿಯೋಥೆರಪಿಗೆ ಕೊಡಿ. ಸ್ಕ್ಯಾನ್ ವರದಿ, ಡಿಸ್ಚಾರ್ಜ್ ಚೀಟಿ ಜೋಪಾನ, ಆಗ ಅವೇ ತಾರೀಕಿಗೆ ಸಾಕ್ಷಿ. ಇನ್ನೂ ಸುಧಾರಿಸಬಹುದು ಎನಿಸಿದರೆ ವೈದ್ಯರು ‘ತಾತ್ಕಾಲಿಕ’ ಪ್ರಮಾಣಪತ್ರ ಕೊಟ್ಟು ಅವಧಿ ನಮೂದಿಸುತ್ತಾರೆ. ಆ ಅವಧಿ ಮುಗಿಯುವ ಮುಂಚೆಯೇ ಮರುಪರೀಕ್ಷೆಗೆ ಹೋಗಿ.

ನಾನು ಸ್ಥಳೀಯ ಪತ್ರಿಕೆಯೊಂದರ ವರದಿಗಾರ. ‘ಅಧಿಕಾರಿಗಳ ಜಾಣಕುರುಡು’, ‘ಕುಂಟು ನೆಪ’, ‘ಕುಂಟುತ್ತಾ ಸಾಗಿದ ಕಾಮಗಾರಿ’ ಇಂಥವನ್ನೆಲ್ಲ ಬಿಡಬೇಕೇ? ಬಿಟ್ಟರೆ ಕನ್ನಡವೇ ಸೊರಗುವುದಿಲ್ಲವೇ?
— ಚಿತ್ರದುರ್ಗ

ಈ ಮೂರು ಬಿಟ್ಟರೆ ಕನ್ನಡ ಸೊರಗುವಷ್ಟು ಬಡವಾಗಿಲ್ಲ. ‘ಕಂಡೂ ಕಾಣದಂತಿದ್ದ ಅಧಿಕಾರಿಗಳು’, ‘ಹುರುಳಿಲ್ಲದ ನೆಪ’, ‘ತೆವಳುತ್ತಿರುವ ಕಾಮಗಾರಿ’ ಬರೆಯಿರಿ. ಎರಡು ಅಕ್ಷರ ಹೆಚ್ಚಾದೀತು. ಈ ನುಡಿಗಟ್ಟುಗಳಲ್ಲಿ ಅಂಗವೈಕಲ್ಯ ಎಂಬುದು ಸೋಗಿಗೆ, ಸುಳ್ಳಿಗೆ, ಅಸಮರ್ಥತೆಗೆ ಇನ್ನೊಂದು ಹೆಸರಾಗುತ್ತದೆ, ತಕರಾರು ಅಲ್ಲಿದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಸಿನಿಮಾ ಮತ್ತು ದೃಶ್ಯಮಾಧ್ಯಮದಲ್ಲಿ ಅಂಗವಿಕಲರ ಚಿತ್ರಣದ ಬಗ್ಗೆ ಮಾರ್ಗಸೂಚಿ ಕೊಟ್ಟಾಗ ಇದನ್ನೇ ಎತ್ತಿ ಹೇಳಿತ್ತು: ಇಂಥ ಪದಗಳು ಸಮಾಜದಲ್ಲಿ ಕೀಳು ಅರ್ಥ ಪಡೆದುಕೊಂಡಿವೆ, ಅವನ್ನು ಬಿಡಬೇಕು ಎಂದು.

ಹಾಗೆಂದು ಎಲ್ಲ ಕಡೆ ಕತ್ತರಿ ಹಿಡಿದು ಹೊರಡುವುದೂ ಬೇಡ. ‘ಹೆಳವ’ ಎಂದರೆ ಕುಂಟ ಎಂದೇ ಅರ್ಥ, ಆದರೆ ಹರಿಹರ ಸೀಮೆಯ ಹೆಳವನಕಟ್ಟೆ ಹಳೆಯ ಊರ ಹೆಸರು. ಹರಿದಾಸ ಪರಂಪರೆಯ ಗಿರಿಯಮ್ಮನ ಹೆಸರಿಗೂ ಅದು ಅಂಟಿಕೊಂಡಿದೆ. ಎತ್ತಿನ ಮೇಲೆ ಬಂದು ವಂಶಾವಳಿ ಹೇಳುವ ಹೆಳವರು ಒಂದು ಸಮುದಾಯ, ‘ಹೆಳವ’ ಅವರಿಗೆ ಕುಲದ ಗುರುತು. ಊರಿನ, ಸಮುದಾಯದ ಹೆಸರನ್ನು ತಿದ್ದಲು ವರದಿಗಾರರಿಗೆ ಅಧಿಕಾರವಿಲ್ಲ. ಗಾದೆಯನ್ನು ಗಾದೆಯೆಂದು ಉಲ್ಲೇಖಿಸುವುದೂ ಬೇರೆ ಮಾತು, ಅದನ್ನು ಬದುಕಿರುವವರೊಬ್ಬರ ಮೇಲೆ ಎಸೆದಾಗಲೇ ಪೆಟ್ಟು.

ಕಾನೂನಿನ ಅಂಚು ಎಲ್ಲಿದೆ ಎಂದೂ ತಿಳಿದಿರಲಿ. ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ, ಅವಮಾನಿಸಬೇಕೆಂಬ ಉದ್ದೇಶದಿಂದ ಅಂಗವಿಕಲರನ್ನು ಬೈದರೆ ಅಥವಾ ಬೆದರಿಸಿದರೆ 6 ತಿಂಗಳಿಂದ 5 ವರ್ಷದವರೆಗೆ ಜೈಲು ಮತ್ತು ದಂಡ. ‘ಕುಂಟು ನೆಪ’ ಎಂಬ ಶೀರ್ಷಿಕೆಗೆ ಇದು ತಗಲದು. ಬಸ್ ನಿಲ್ದಾಣದಲ್ಲಿ ಒಬ್ಬರನ್ನು ‘ಏ ಕುಂಟ’ ಎಂದು ಹೀಯಾಳಿಸಿದರೆ ತಗಲುತ್ತದೆ.

ವರದಿಯಲ್ಲಿ ಹೇಳಲೇಬೇಕಾದಾಗ ನಮ್ಮ ಕಡೆಯ ಕ್ರಿಯಾಪದಗಳೇ ಒಳ್ಳೆಯವು. ‘ಕಣ್ಣು ಕಾಣಂಗಿಲ್ಲ’, ‘ಕಿವಿ ಕೇಳಂಗಿಲ್ಲ’ ಎಂದು ಹಳ್ಳಿಯ ಹೆಂಗಸರು ಹೇಳುವುದರಲ್ಲಿ ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ‘ಕಣ್ಣು ಕಾಣದ ಯುವಕ’ ಎಂದರೆ ಸಾಕು. ಇನ್ನು ‘ಗಾಲಿಕುರ್ಚಿಗೆ ಸೀಮಿತರಾದ’ ಎಂಬುದನ್ನು ಬಿಡಿ. ಅವರು ಗಾಲಿಕುರ್ಚಿ ‘ಬಳಸುತ್ತಾರೆ’, ಅದರಿಂದಲೇ ಮನೆಯಿಂದ ಹೊರಗೆ ಬರುತ್ತಾರೆ. ‘ಆಟಿಸಂನಿಂದ ಬಳಲುತ್ತಿರುವ’ ಬೇಡ, ‘ಆಟಿಸಂ ಇರುವ’ ಸಾಕು. ಅಂಗವಿಕಲರ ಸುದ್ದಿಯಲ್ಲಿ ‘ನಾರ್ಮಲ್ ಮಕ್ಕಳಂತೆ’ ಎಂಬ ಮಾತು ಕಂಡರೆ ಆ ವಾಕ್ಯವನ್ನೇ ಹೊಡೆದುಹಾಕಿ, ಸುದ್ದಿಗೆ ಏನೂ ಕೊರತೆಯಾಗುವುದಿಲ್ಲ.

ಬಿಳಿ ತೊನ್ನು ಕುಷ್ಠವೇ? ಅಂಗವಿಕಲರ ಪಟ್ಟಿಯಲ್ಲಿ ಬರುತ್ತದೆಯೇ?
— ಹಿರಿಯೂರು

ಎರಡಕ್ಕೂ ಇಲ್ಲ. ತೊನ್ನು ಚರ್ಮದ ಬಣ್ಣ ಹೋಗುವುದು, ಅಂಟುವುದಿಲ್ಲ, ಸ್ಪರ್ಶ ತಿಳಿಯುತ್ತದೆ. ಕುಷ್ಠದ ಮಚ್ಚೆಯಲ್ಲಿ ಮುಟ್ಟಿದ್ದು, ಚುಚ್ಚಿದ್ದು ತಿಳಿಯುವುದಿಲ್ಲ. ಕುಷ್ಠಕ್ಕೆ 6 ಅಥವಾ 12 ತಿಂಗಳ ಬಹುಔಷಧಿ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಪಟ್ಟಿಯಲ್ಲಿರುವುದು ‘ಕುಷ್ಠದಿಂದ ಗುಣಮುಖರಾದವರು’: ರೋಗ ಹೋಗಿದೆ, ಕೈಕಾಲಿನಲ್ಲಿ ಸ್ಪರ್ಶ ಹೋಗಿರುವುದು ಅಥವಾ ಊನ ಉಳಿದಿದೆ. ಅವರನ್ನು ‘ಕುಷ್ಠರೋಗಿ’ ಎಂದು ಬರೆಯುವುದು ಸುಳ್ಳು. ಕುಷ್ಠವನ್ನು ವಿಚ್ಛೇದನದ ಕಾರಣವಾಗಿ ಇಟ್ಟಿದ್ದ ಅಂಶವನ್ನೂ ಸಂಸತ್ತು 2019ರಲ್ಲಿ ವೈಯಕ್ತಿಕ ಕಾನೂನುಗಳಿಂದ ತೆಗೆದುಹಾಕಿದೆ.

ನಮ್ಮ ಶಾಲೆಗೆ ರ‍್ಯಾಂಪ್ ಹಾಕಿಸಿದ್ದೇವೆ. ಗೋಡೆಗೆ ‘ಸುಗಮ್ಯ ಶಾಲೆ’ ಎಂದು ಬರೆಸಬಹುದೇ?
— ಎಸ್‌ಡಿಎಂಸಿ ಸದಸ್ಯರು, ಹೊಳಲ್ಕೆರೆ ತಾಲ್ಲೂಕು

‘ಸುಗಮ್ಯ’ ಎಂದರೆ ಅಂಗವಿಕಲರೂ ಸರಾಗವಾಗಿ ಬಳಸಬಹುದಾದದ್ದು. ಟೇಪು ಹಿಡಿದು ನೋಡಿ ಆಮೇಲೆ ಬರೆಸಿ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಇರಬೇಕು. ತಲಾ 15 ಸೆಂ.ಮೀ.ನ ಮೂರು ಮೆಟ್ಟಿಲಿದ್ದರೆ ಎತ್ತರ 45 ಸೆಂ.ಮೀ., ರ‍್ಯಾಂಪ್ 5.4 ಮೀಟರ್. ಬಹಳ ಶಾಲೆಗಳಲ್ಲಿ ಜಾಗ ಉಳಿಸಲು 2 ಮೀಟರಿಗೇ ಮುಗಿಸಿರುತ್ತಾರೆ. ಅದರ ಮೇಲೆ ಗಾಲಿಕುರ್ಚಿ ಹತ್ತಿಸುವಾಗ ಮುಂದಿನ ಗಾಲಿ ಎದ್ದು ಮಗು ಹಿಂದಕ್ಕೆ ಬೀಳುತ್ತದೆ, ಅಂಥದ್ದು ಬೈಕ್ ಹತ್ತಿಸಲು ಮಾತ್ರ ಲಾಯಕ್ಕು. ಅಗಲ 120 ಸೆಂ.ಮೀ., ಎರಡೂ ಕಡೆ 76 ಮತ್ತು 90 ಸೆಂ.ಮೀ. ಎತ್ತರದಲ್ಲಿ ಕೈ ಹಿಡಿಯುವ ಕಂಬಿ, ಮೇಲೆ ಮತ್ತು ಕೆಳಗೆ 150 ಸೆಂ.ಮೀ. ಸಮತಟ್ಟು ಜಾಗ, ಅಂಚಿಗೆ ಸಣ್ಣ ಕಟ್ಟೆ. ನುಣ್ಣನೆ ಟೈಲ್ಸ್ ಹಾಕಿಸಬೇಡಿ, ಮಳೆಗೆ ಜಾರುತ್ತದೆ. ಬಾಗಿಲು 90 ಸೆಂ.ಮೀ. ತೆರೆದುಕೊಳ್ಳಬೇಕು.

ಇಷ್ಟಾದರೂ ‘ಸುಗಮ್ಯ’ ಆಗಲಿಲ್ಲ. ಶೌಚಾಲಯಕ್ಕೆ ಗಾಲಿಕುರ್ಚಿ ಹೋಗುತ್ತದೆಯೇ, ಕೊಠಡಿಯ ಹೆಸರು ಮುಟ್ಟಿ ಓದುವಂತಿದೆಯೇ ಎಂಬುದೂ ಅದರಲ್ಲಿ ಸೇರಿದೆ. ಅಲ್ಲಿಯವರೆಗೆ ‘ರ‍್ಯಾಂಪ್ ಇದೆ’ ಎಂದೇ ಬರೆಸಿ.

ಅಜ್ಜನ ಪಹಣಿಯಲ್ಲಿ ಹೆಸರಿನ ಮುಂದೆ ‘ಕುಂಟ’ ಎಂದು ಸೇರಿದೆ, ಅದೇ ಹೆಸರಿನ ಇನ್ನೊಬ್ಬರಿಂದ ಬೇರೆ ತಿಳಿಯಲಿ ಎಂದು ಹಿಂದೆ ಬರೆದದ್ದು. ಆಧಾರ್‌ನಲ್ಲಿ ಬರೀ ಹೆಸರಿದೆ. ಯುಡಿಐಡಿಗೆ ಯಾವುದನ್ನು ಕೊಡಲಿ?
— ಜಗಳೂರು

ಆಧಾರ್‌ನಲ್ಲಿರುವುದನ್ನೇ ಅಕ್ಷರಕ್ಕೆ ಅಕ್ಷರ ಕೊಡಿ. ಪಹಣಿಗೆ ಹೊಂದಲಿ ಎಂದು ಆಧಾರ್ ತಿದ್ದಿಸಲು ಹೋಗಬೇಡಿ. ಬ್ಯಾಂಕು, ಪಿಂಚಣಿ ಎರಡೂ ಆಧಾರ್ ಹೆಸರನ್ನೇ ಹಿಡಿದು ಹೋಗುತ್ತವೆ. ತಿದ್ದಬೇಕಾದ್ದು ಪಹಣಿ. ತಾಲ್ಲೂಕು ಕಚೇರಿಗೆ ಹೆಸರು ತಿದ್ದುಪಡಿಯ ಅರ್ಜಿ, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್, ಆಧಾರ್ ಪ್ರತಿ, ಹಳೆಯ ಕಂದಾಯ ರಸೀದಿಗಳನ್ನು ಲಗತ್ತಿಸಿ ಕೊಡಿ. ಅಜ್ಜ ಇರುವಾಗಲೇ, ಅವರ ಸಹಿ ಅಥವಾ ಹೆಬ್ಬೆಟ್ಟಿನೊಂದಿಗೆ ಮುಗಿಸಿಕೊಳ್ಳಿ. ಇಲ್ಲದಿದ್ದರೆ ಪೌತಿ ಖಾತೆಯ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ) ಹೊತ್ತಿಗೆ ಇದೇ ಒಂದು ಪದಕ್ಕೆ ವಂಶವೃಕ್ಷದಿಂದ ಶುರುಮಾಡಬೇಕಾಗುತ್ತದೆ.